ಪಲ್ಲವಿಗೆ ಪಕ್ಷ, ಚರಣ ಅನಾಥ

ರಾಯಚೂರಿನ ತೀನ್ ಕಂದೀಲ್ ಬಳಿಯ ಮಿರ್ಚಿ ಅಂಗಡಿಯಲ್ಲಿ ಈಗ ಭತ್ತದ ದರದ ಮಾತೇ ಇಲ್ಲ. ಕಾಲೇಜು ಹುಡುಗರ ರಾಕ್ ತಂಡವೊಂದು ‘ಮನಸಿನ ಗೇಟು ತೆರೆಯೇ, ಕಾಲುವೆ ಕೊನೆಯ ಹೊಲ ನಾನು’ ಎಂದು ಹಾಡಿದ್ದೇ ತಪ್ಪಾಯಿತು. ಹುಡುಗಿ ಒಲಿಯದ ಸಂಕಟಕ್ಕೆ ಹುಟ್ಟಿದ ಹಾಡು ಅದು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಬಾಯಿಬಿಟ್ಟು ಕೂತ ಸೀಮೆಯಲ್ಲಿ ಗೇಟು ಎಂದವನನ್ನು ಪ್ರೇಮಿ ಎಂದು ಯಾರು ನಂಬುತ್ತಾರೆ?

ವಿರೋಧ ಪಕ್ಷದವರಿಗೆ ಅದರಲ್ಲಿ ರೈತರ ಆಕ್ರೋಶ ಕೇಳಿಸಿತು. ಆಡಳಿತ ಪಕ್ಷದವರಿಗೆ ಸರ್ಕಾರದ ಮೇಲಿನ ಅಚಲ ನಂಬಿಕೆ; ನಂಬಿಕೆ ಇಲ್ಲದವನು ತೆರೆ ಎಂದು ಬೇಡುತ್ತಾನೆಯೇ? ಕಾಲುವೆಯ ಮೇಲ್ಭಾಗದವರೊಬ್ಬರು ‘ನಮ್ಮನ್ನು ನೀರುಗಳ್ಳರೆಂದ’ ಎಂದು ಸಿಡುಕಿದರು. ನಿವೃತ್ತ ಮೇಷ್ಟ್ರೊಬ್ಬರು 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದದ್ದನ್ನು ಎಳೆತಂದು, ಗಿಟಾರಿನ ಗದ್ದಲವೇ ಆ ಪ್ರವಾಹ ಎಂದು ಮಿರ್ಚಿಯ ತೊಟ್ಟು ಹಿಡಿದು ವಿವರಿಸಿದರು. ಎಣ್ಣೆ ಮುಂಗೈ ದಾಟಿ ಅಂಗಿಯ ತೋಳಿಗೆ ಇಳಿಯಿತು, ಭಾಷ್ಯ ನಿಲ್ಲಲಿಲ್ಲ.

ಈ ವಿದ್ಯೆಯಲ್ಲಿ ಅಮೆರಿಕ ನಮಗಿಂತ ಹಿರಿಯಣ್ಣ. 1984ರ ಚುನಾವಣೆಯಲ್ಲಿ ಅಧ್ಯಕ್ಷ ರೇಗನ್ ನ್ಯೂಜೆರ್ಸಿಗೆ ಹೋಗಿ, ಅಲ್ಲಿನ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದರು. ಆ ವರ್ಷ ಊರೆಲ್ಲ ಕುಣಿಯುತ್ತಿದ್ದ ‘ಬಾರ್ನ್ ಇನ್ ದ ಯು.ಎಸ್.ಎ.’ ಹಾಡಿನಲ್ಲಿರುವುದು ವಿಯೆಟ್ನಾಂ ಯುದ್ಧದಿಂದ ಮರಳಿ ಕೆಲಸ ಸಿಗದೆ ಅಲೆಯುವ ಸೈನಿಕ. ಪಲ್ಲವಿಗೆ ಮುಷ್ಟಿ ಎತ್ತಿದವರು ಚರಣ ಬರುವಷ್ಟರಲ್ಲಿ ಮುಂದಿನ ಸಭೆಗೆ ಹೊರಟಿರಬೇಕು. 2006ರಲ್ಲಿ ‘ನ್ಯಾಷನಲ್ ರಿವ್ಯೂ’ ಎಂಬ ಬಲಪಂಥೀಯ ಪತ್ರಿಕೆ ತನ್ನ ವಿಚಾರಕ್ಕೆ ಒಪ್ಪುವ 50 ರಾಕ್ ಹಾಡುಗಳ ಪಟ್ಟಿಯನ್ನೇ ಅಚ್ಚು ಹಾಕಿತು. ಬ್ರಿಟನ್ನಿನ ಬೀಟಲ್ಸ್ ರಾಕ್ ತಂಡದ ಜಾರ್ಜ್ ಹ್ಯಾರಿಸನ್ ತೆರಿಗೆಯ ಬಿಸಿ ತಾಳದೆ 1966ರಲ್ಲಿ ಗೊಣಗಿದ ‘ಟ್ಯಾಕ್ಸ್‌ಮನ್’ ಹಾಡಿಗೆ ಅದರಲ್ಲಿ ಎರಡನೇ ಸ್ಥಾನ. ಹಾಗೆ ನೋಡಿದರೆ ಜಿಎಸ್‌ಟಿ ಸಲ್ಲಿಸುವ ದಿನ ನಮ್ಮ ಅಡತಿ ಅಂಗಡಿಯವರೆಲ್ಲ ರಾಕ್ ಗಾಯಕರೇ.

ಇಷ್ಟಾದರೂ ಹಾಡು ಬರೆದ ಹುಡುಗನನ್ನು ಯಾರೂ ಕೇಳಿರಲಿಲ್ಲ. ಅವನೇ ಬಂದು, ‘ಅಣ್ಣಾ, ನಮ್ಮದು ಒಣಬೇಸಾಯ, ನಮ್ಮ ಹೊಲಕ್ಕೆ ಕಾಲುವೆಯೇ ಇಲ್ಲ’ ಎಂದ. ಹಾಗಾದರೆ ಇವನ ಹಿಂದೆ ಯಾರೋ ಇದ್ದಾರೆ ಎಂದು ಎರಡೂ ಪಕ್ಷದವರು ಮೊದಲ ಬಾರಿಗೆ ಒಮ್ಮತಕ್ಕೆ ಬಂದರು.

ಬೇಸತ್ತ ತಂಡ ಮುಂದಿನ ಕಾರ್ಯಕ್ರಮದಲ್ಲಿ ಮಾತೇ ಇಲ್ಲದೆ ಬರೀ ವಾದ್ಯ ನುಡಿಸುವುದಾಗಿ ಹೇಳಿದೆ. ಬಾಯಿ ಮುಚ್ಚಿಸಿದವರು ಯಾರು ಎಂದು ಒಂದು ಪಕ್ಷ ಪತ್ರಿಕಾಗೋಷ್ಠಿ ಕರೆದಿದೆ. ಇನ್ನೊಂದು ಪಕ್ಷದವರು ಗಿಟಾರಿನ ಬಣ್ಣ ವಿಚಾರಿಸಿಕೊಂಡು ಹೋಗಿದ್ದಾರೆ.