ಉದ್ಯೋಗ ಕೇಳಬೇಡಿ, ಕೊಡಿ

ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ನಮ್ಮ ಕಡೆಯ ವಿಶ್ವವಿದ್ಯಾಲಯವೊಂದು ಏರ್ಪಡಿಸಿದ್ದ ವೃತ್ತಿ ಮಾರ್ಗದರ್ಶನ ಕಾರ್ಯಾಗಾರದ ವರದಿಯನ್ನು ತಾವು ಸ್ಥಳೀಯ ಪುಟದಲ್ಲಿ ಓದಿಯೇ ಇರುತ್ತೀರಿ. ಓದಿರದಿದ್ದರೂ ಚಿಂತೆಯಿಲ್ಲ, ಹೋದ ವರ್ಷದ ಪತ್ರಿಕೆ ರದ್ದಿಗೆ ಹೋಗದೆ ಉಳಿದಿದ್ದರೆ ಅದನ್ನೇ ತೆಗೆದು ನೋಡಬಹುದು. ಸಸಿಗೆ ನೀರೆರೆಯುವ ಸಾಲುಸಾಲು ಕೈಗಳು, ಮಡಿಕೆ ಬಿಚ್ಚದ ಶಾಲುಗಳು, ಹಾಜರಾತಿಗಾಗಿ ಹಿಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಗಳು, ಎಲ್ಲವೂ ಯಥಾಪ್ರಕಾರ. ಮೂರು ದಶಕ ಸರ್ಕಾರಿ ಸಂಬಳ ಎಣಿಸಿ ಈಗ ಪಿಂಚಣಿ ಎಣಿಸುತ್ತಿರುವ ಉದ್ಘಾಟಕರು, "ನೀವು ಉದ್ಯೋಗ ಕೇಳುವವರಾಗಬಾರದು, ಉದ್ಯೋಗ ಕೊಡುವವರಾಗಬೇಕು" ಎಂದು ಕರೆ ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು.

ಈ ಕರೆಯನ್ನು ನಾನು ಗಂಭೀರವಾಗಿಯೇ ಸ್ವೀಕರಿಸಿದ್ದೇನೆ. ರಾಜ್ಯಶಾಸ್ತ್ರದ ಪದವೀಧರನೊಬ್ಬ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು ಜನರ ಒಪ್ಪಂದದಿಂದಲೇ ರಾಜ್ಯ ಹುಟ್ಟಿತೆನ್ನುವ ಸಾಮಾಜಿಕ ಒಡಂಬಡಿಕೆಯನ್ನು, ಅದನ್ನು ಪ್ರತಿಪಾದಿಸಿದ ಹಾಬ್ಸ್, ಲಾಕ್, ರೂಸೋ ಎಂಬ ಮೂರು ಮಾದರಿಗಳಲ್ಲಿ ತಯಾರಿಸಿ ಮಾರುಕಟ್ಟೆಗೆ ಬಿಡಬಹುದು. ಅಧಿಕಾರ ವಿಭಜನೆಯ ಬಿಡಿಭಾಗಗಳನ್ನು ಸಗಟು ದರದಲ್ಲಿ ಪೂರೈಸಬಹುದು. ಬೇಡಿಕೆ ಇದೆಯೋ ಇಲ್ಲವೋ ಎಂಬುದು ಬೇರೆ ಮಾತು. ಸಾಲಕ್ಕೆ ಹೋದಾಗ ಬ್ಯಾಂಕಿನ ಮ್ಯಾನೇಜರರು ಜಾಮೀನಿಗೆ ಏನಿದೆ ಎಂದು ಕೇಳಿದರೆ, ಸಾರ್ವಭೌಮತ್ವವಿದೆ, ಅದು ಜನರಲ್ಲಿ ನೆಲೆಸಿದೆ ಎಂದು ಮೊದಲ ಸೆಮಿಸ್ಟರಿನ ಟಿಪ್ಪಣಿ ತೋರಿಸಬಹುದು.

ಮಧ್ಯಾಹ್ನದ ಊಟದ ನಂತರದ ಗೋಷ್ಠಿಯಲ್ಲಿ, ರಾಜ್ಯಶಾಸ್ತ್ರ ಓದಿದವರಿಗೆ ತೆರೆದಿರುವ ದಾರಿಗಳನ್ನು ಪರದೆಯ ಮೇಲೆ ತೋರಿಸಲಾಯಿತು. ಮೊದಲನೆಯದು ರಾಜಕೀಯ. ಸಂವಿಧಾನದ 173ನೇ ವಿಧಿಯ ಪ್ರಕಾರ ಶಾಸಕನಾಗಲು ಭಾರತದ ಪೌರನಾಗಿರಬೇಕು, ವಿಧಾನಸಭೆಗಾದರೆ 25 ವರ್ಷ ತುಂಬಿರಬೇಕು. ಪದವಿ ಬೇಡ, ಪ್ರವೇಶ ಪರೀಕ್ಷೆ ಇಲ್ಲ, ಗರಿಷ್ಠ ವಯೋಮಿತಿಯಂತೂ ಇಲ್ಲವೇ ಇಲ್ಲ. ಇಷ್ಟು ಉದಾರವಾದ ನೇಮಕಾತಿ ನಿಯಮ ಮತ್ತೆಲ್ಲಿಯೂ ಸಿಗದು. ಆದರೆ ಈ ಭಾಗದಲ್ಲಿ ರಾಜ್ಯಶಾಸ್ತ್ರದ ಮೇಲಿನ ಹಕ್ಕು ಯಾವಾಗಲೂ ಬೇರೆ ವಿಷಯದವರದ್ದೇ. ಹಾವೇರಿ ಜಿಲ್ಲೆಯ ಶಿಗ್ಗಾಂವಿಯಿಂದ ಗೆದ್ದು ಮುಖ್ಯಮಂತ್ರಿಯಾದ ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದ ಕುಲಪತಿ ಡಿ.ಸಿ. ಪಾವಟೆ ಗಣಿತಜ್ಞರು, ಅವರು 1967ರಲ್ಲಿ ಪಂಜಾಬಿನ ರಾಜ್ಯಪಾಲರಾದರು. ರಾಜ್ಯಪಾಲರ ಅಧಿಕಾರಗಳ ಮೇಲೆ ಹದಿನೈದು ಅಂಕದ ಪ್ರಶ್ನೆಗೆ ಉತ್ತರ ಬರೆದವನು ಇಂದಿಗೂ ಬರೆಯುತ್ತಲೇ ಇದ್ದಾನೆ.

ಎರಡನೆಯ ದಾರಿ ಬೋಧನೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಹೊತ್ತು ನಿಂತಿದ್ದಾರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಈ ದಾರಿಯ ಬಗ್ಗೆ ಅಂದು ಮಾತನಾಡಿದವರೂ ಅತಿಥಿ ಉಪನ್ಯಾಸಕರೇ ಆಗಿದ್ದರು, ಬೇಗ ಮುಗಿಸಿದರು. ನಾನೂ ಮುಗಿಸುತ್ತೇನೆ.

ಮೂರನೆಯದು ಸ್ಪರ್ಧಾತ್ಮಕ ಪರೀಕ್ಷೆ, ಅಂದರೆ ಸಪ್ತಾಪುರ. ಪರಸ್ಥಳದ ಓದುಗರಿಗೆ ಹೇಳುವುದಾದರೆ, ಧಾರವಾಡದ ಈ ಬಡಾವಣೆಯಲ್ಲಿ ಮನೆಗಳಿಗಿಂತ ಕೋಚಿಂಗ್ ಸೆಂಟರುಗಳು ಹೆಚ್ಚು ಕಾಣುತ್ತವೆ, ಕೋಚಿಂಗ್ ಸೆಂಟರುಗಳಿಗಿಂತ ಅವುಗಳ ಫಲಕಗಳು ಹೆಚ್ಚು ಕಾಣುತ್ತವೆ. ರೋಣ, ಸವಣೂರು, ಕಲಘಟಗಿಯ ಹಳ್ಳಿಗಳಿಂದ ಬಂದ ಮಕ್ಕಳು ಇಲ್ಲಿ ರೂಮು ಮಾಡಿ, ಖಾನಾವಳಿಯಲ್ಲಿ ತಿಂಗಳ ಊಟ ಹಚ್ಚಿ, ರೀಡಿಂಗ್ ರೂಮಿನ ಕುರ್ಚಿಗೂ ಬಾಡಿಗೆ ಕಟ್ಟಿ ಓದುತ್ತಾರೆ. ವಿಶ್ವವಿದ್ಯಾಲಯದ ಒಳಗೆ ಎರಡು ವರ್ಷ ಹೇಳಿಕೊಟ್ಟ ಸಂವಿಧಾನವನ್ನೇ ಗೇಟಿನ ಹೊರಗೆ ಹಣ ಕೊಟ್ಟು ಮತ್ತೊಮ್ಮೆ ಕಲಿಯುತ್ತಾರೆ. ಇಷ್ಟಾದ ಮೇಲೆ ಪರೀಕ್ಷೆ ನಡೆಯುತ್ತದೆ. ಚೆನ್ನಾಗಿ ನಡೆದರೆ ಎರಡು ಸಲ ನಡೆಯುತ್ತದೆ. ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿ, ಕನ್ನಡ ಪ್ರಶ್ನೆಪತ್ರಿಕೆಯ ದೋಷಗಳಿಗಾಗಿ ಛೀಮಾರಿ ಹಾಕಿಸಿಕೊಂಡು, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಿ, ಅದರಲ್ಲಿಯೂ ದೋಷಗಳನ್ನು ಉಳಿಸಿಕೊಂಡ ಕಥೆ ತಮಗೆ ತಿಳಿದದ್ದೇ. ಇದರ ನಡುವೆ ಪರಿಶಿಷ್ಟ ಜಾತಿಗಳೊಳಗೆ ಮೀಸಲಾತಿಯನ್ನು ಹಂಚುವ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆಗಳು ಬೇಡವೆಂದು ನೇಮಕಾತಿಗಳೆಲ್ಲ ನಿಂತವು. ಒಳಮೀಸಲಾತಿ ನ್ಯಾಯವಾದದ್ದು, ಆಗಬೇಕಾದದ್ದು. ಅದನ್ನು ದಶಕಗಳ ಕಾಲ ಮುಂದೂಡಿದ ತಪ್ಪಿಗೆ ವಯಸ್ಸು ತೆತ್ತವರು ಮಾತ್ರ ಸಪ್ತಾಪುರದ ಮಕ್ಕಳು.

ವಯಸ್ಸು ಮೀರಿದರೆ ಏನು ಮಾಡುವುದೆಂದು ಗಾಬರಿಯಾಗಬೇಕಾಗಿಲ್ಲ. ಆಳುವವರ ತರಬೇತಿ ಐವತ್ತನೆಯ ವಯಸ್ಸಿನವರೆಗೆ ನಡೆಯಬೇಕೆಂದು ಗ್ರೀಕ್ ತತ್ವಜ್ಞಾನಿ ಪ್ಲೇಟೋ ಹೇಳಿದ್ದನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ. 2025ರಲ್ಲಿ ಸರ್ಕಾರ ಒಂದು ಬಾರಿಗೆಂದು ಮೂರು ವರ್ಷದ ಸಡಿಲಿಕೆ ಕೊಟ್ಟು, ಪರಿಶಿಷ್ಟರ ಗರಿಷ್ಠ ವಯಸ್ಸನ್ನು 40ರಿಂದ 43ಕ್ಕೆ ಏರಿಸಿತು. ಎರಡೂವರೆ ಸಾವಿರ ವರ್ಷಗಳಿಂದ ಯಾವ ಸರ್ಕಾರವೂ ಪ್ಲೇಟೋನನ್ನು ಇಷ್ಟು ಹತ್ತಿರದಿಂದ ಅನುಸರಿಸಿರಲಿಲ್ಲ. ಇನ್ನು ಏಳೇ ವರ್ಷ ಬಾಕಿ.

ವಿದ್ಯಾರ್ಥಿ ಬೆಂಬಲದ ಮಾತು ಬಂದಾಗ ಯುವನಿಧಿಯನ್ನು ಮರೆತರೆ ಕೃತಘ್ನತೆಯಾದೀತು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಭತ್ಯೆ ಸಿಗುತ್ತದೆ. ಮುಂದೆ ಓದಲು ಸೇರಿಕೊಂಡವನಿಗೆ ಸಿಗುವುದಿಲ್ಲ. ಬಿ.ಎ. ಮುಗಿಸಿ ಸುಮ್ಮನೆ ಕುಳಿತವನು ಹೀಗೆ ಸಹಾಯಕ್ಕೆ ಅರ್ಹನಾಗುತ್ತಾನೆ, ಎಂ.ಎ. ಸೇರಿದವನು ಅನುಕೂಲಸ್ಥನೆಂದು ಎಣಿಸಲ್ಪಡುತ್ತಾನೆ. ಭತ್ಯೆ ಪಡೆಯುವವನು ತನಗೆ ಇನ್ನೂ ಕೆಲಸ ಸಿಕ್ಕಿಲ್ಲವೆಂದು ಆಗಾಗ ಸ್ವಯಂ ಘೋಷಣೆ ಸಲ್ಲಿಸುತ್ತಿರಬೇಕು. ಅಂಕಪಟ್ಟಿಗಿಂತ ಬೇಗ ಕೈಗೆ ಬರುವ ಪ್ರಮಾಣಪತ್ರ ಅದೊಂದೇ.

ಇನ್ನೊಂದು ಸೌಲಭ್ಯವನ್ನು ಕಾರ್ಯಾಗಾರದಲ್ಲಿ ಯಾರೂ ಪ್ರಸ್ತಾಪಿಸಲಿಲ್ಲವೆಂಬುದು ನನಗೆ ಅಚ್ಚರಿ. ಪದವೀಧರರ ಕಷ್ಟಸುಖವನ್ನು ಸದನದಲ್ಲಿ ಹೇಳಲೆಂದೇ ಸಂವಿಧಾನದ 171ನೇ ವಿಧಿ ವಿಧಾನ ಪರಿಷತ್ತಿನ ಹನ್ನೆರಡರಲ್ಲೊಂದು ಪಾಲನ್ನು ತೆಗೆದಿರಿಸಿದೆ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರವು, ಅವುಗಳಲ್ಲಿ ಒಂದು ನಮ್ಮದೇ ಪಶ್ಚಿಮ ಪದವೀಧರ ಕ್ಷೇತ್ರ: ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ. ಈ ಕ್ಷೇತ್ರದಲ್ಲಿ ಮತ ಹಾಕಲು ಪದವಿ ಪಡೆದು ಮೂರು ವರ್ಷವಾಗಿರಬೇಕು. ಏಕೆಂದು ಕೇಳಬಾರದು, ಉಪ್ಪಿನಕಾಯಿಯಂತೆ ಪದವಿಯೂ ಭರಣಿಯಲ್ಲಿ ಕೆಲಕಾಲ ಕಳಿಯಬೇಕಾಗುತ್ತದೆ. ಹಿಂದಿನ ಚುನಾವಣೆಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಪ್ರತಿ ಚುನಾವಣೆಗೂ ಹೊಸದಾಗಿ ನಮೂನೆ 18 ತುಂಬಿ, ಪದವಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ತಾನು ಈಗಲೂ ಪದವೀಧರನೆಂದು ತಹಶೀಲ್ದಾರರ ಕಚೇರಿಗೆ ಮನವರಿಕೆ ಮಾಡಿಕೊಡಬೇಕು.

ಇಷ್ಟೆಲ್ಲ ಶೋಧಿಸಿ ಆರಿಸಿದ ಮತದಾರರು ಯಾರಿಗೆ ಮತ ಹಾಕುತ್ತಾರೆ ಎಂಬುದೇ ಸ್ವಾರಸ್ಯ. ಮದ್ರಾಸಿನ ಪದವೀಧರ ಕ್ಷೇತ್ರದಿಂದ ಪದವೀಧರನಲ್ಲದ ಅಭ್ಯರ್ಥಿಯೊಬ್ಬರು ಗೆದ್ದು, ಹೈಕೋರ್ಟು ಆ ಆಯ್ಕೆಯನ್ನು ರದ್ದುಪಡಿಸಿ, ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದಾಗ, ಪದವಿ ಬೇಕಾದದ್ದು ಮತದಾರನಿಗೇ ಹೊರತು ಅಭ್ಯರ್ಥಿಗಲ್ಲ ಎಂದು 1972ರಲ್ಲಿ ತೀರ್ಪಾಯಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯಾಗಿಯೇ ಇದೆ, ಸಂವಿಧಾನದಲ್ಲಿ ಬರೆದಿರುವುದೇ ಹಾಗೆ. ಎಂ.ಎ. ಪಾಸಾದವರೆಲ್ಲ ಸರದಿಯಲ್ಲಿ ನಿಂತು ಎಸ್ಸೆಸ್ಸೆಲ್ಸಿ ಓದಿದವರನ್ನು ತಮ್ಮ ಪ್ರತಿನಿಧಿಯಾಗಿ ಕಳುಹಿಸಬಹುದಾದ ಈ ಏರ್ಪಾಡಿನ ಮುಂದೆ ಯಾವ ಪ್ಲೇಸ್‌ಮೆಂಟ್ ಸೆಲ್ಲೂ ನಿಲ್ಲಲಾರದು. ನೌಕರಿ ಸಿಗುವುದು ಅಭ್ಯರ್ಥಿಗೆ ಎಂಬುದೊಂದೇ ಕೊರತೆ.

ಹೀಗೆ ಹಾಸ್ಯ ಮಾಡುತ್ತ ಕೂರಲು ಈಚೆಗೆ ಬೇಸರವಾಗುತ್ತದೆ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆಗಳು ಖಾಲಿ ಇವೆ. ಆ ಹುದ್ದೆಗಳನ್ನು ತುಂಬಿರೆಂದು 2025ರ ಸೆಪ್ಟೆಂಬರಿನಲ್ಲಿ ಸಾವಿರಾರು ಉದ್ಯೋಗಾಕಾಂಕ್ಷಿಗಳು ಇದೇ ಧಾರವಾಡದ ಬೀದಿಗಿಳಿದರು. ಅವರಿಗೂ ಉದ್ಯೋಗ ಕೊಡುವವರಾಗಿ ಎಂದು ಹೇಳುವ ಧೈರ್ಯ ಯಾರಿಗಾದರೂ ಇದೆಯೇ? ಮಕ್ಕಳಿಗೆ 19ನೇ ವಿಧಿಯನ್ನು ಪಾಠ ಮಾಡುತ್ತೇವೆ, ಶಾಂತಿಯುತವಾಗಿ ಸಭೆ ಸೇರುವ ಹಕ್ಕಿನ ಮೇಲೆ ಪ್ರಬಂಧ ಬರೆಸುತ್ತೇವೆ, ಸಭೆ ಸೇರಿದರೆ ದಾರಿ ತಪ್ಪಿದರು ಎನ್ನುತ್ತೇವೆ. ನಮ್ಮ ಕ್ಯಾಂಪಸ್ಸುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತು ಮೂರು ದಶಕಗಳಾದವು. ಚುನಾವಣೆಯನ್ನು ಸಭ್ಯವಾಗಿ ನಡೆಸುವುದು ಹೇಗೆಂದು ಲಿಂಗ್ಡೊ ಸಮಿತಿ 2006ರಲ್ಲಿಯೇ ಬರೆದುಕೊಟ್ಟಿದೆ. ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಅನುಪಾತ ಪ್ರಾತಿನಿಧ್ಯದ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬಿಡಿಸುವ ವಿದ್ಯಾರ್ಥಿನಿ ತನ್ನ ತರಗತಿಯ ಪ್ರತಿನಿಧಿಗೂ ಒಂದು ಮತ ಹಾಕದೆ ಪದವಿ ಪಡೆದು ಹೋಗುತ್ತಾಳೆ. ಹಾವೇರಿಯಲ್ಲಂತೂ 2023ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯವನ್ನೇ ಮುಚ್ಚುವ ಶಿಫಾರಸು 2025ರಲ್ಲಿ ಬಂತು. ಮಾರ್ಗದರ್ಶನ ಬೇಕಾದದ್ದು ಯಾರಿಗೆ?

ಮಾಡುವ ಮನಸ್ಸಿದ್ದರೆ ಊರೇ ಪ್ರಯೋಗಾಲಯ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯವಿದೆ, ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ, ಅವಳಿ ನಗರದಲ್ಲಿ 82 ವಾರ್ಡುಗಳಿವೆ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ವಾರ್ಡು ಹಂಚಿ, ಒಂದು ಸೆಮಿಸ್ಟರಿನ ಕಾಲ ಅಲ್ಲಿನ ಆಯವ್ಯಯ ಓದಿಸಿ, ಸಾಮಾನ್ಯ ಸಭೆಯ ನಡಾವಳಿ ಬರೆಸಿ, ನೀರಿನ ದೂರುಗಳ ಕಡತ ತಿರುವಿಸಿದರೆ, ಆ ಹುಡುಗ ಯಾವ ಸಂದರ್ಶನದಲ್ಲಾದರೂ ಹತ್ತು ನಿಮಿಷ ತಡವರಿಸದೆ ಮಾತನಾಡಿಯಾನು. ಇದಕ್ಕೆ ಅನುದಾನ ಬೇಡ, ವಿಭಾಗದಿಂದ ಒಂದು ಪತ್ರ, ಪಾಲಿಕೆಯಿಂದ ಒಂದು ಸಹಿ ಸಾಕು.

ಪರಿಚಯದ ಪ್ರಾಧ್ಯಾಪಕರೊಬ್ಬರ ಮುಂದೆ ಈ ಮಾತು ತೆಗೆದೆ. ಅವರು ಬಹಳ ಹೊತ್ತು ಯೋಚಿಸಿ ಹೇಳಿದರು: "ವಿಚಾರ ಚಲೋ ಐತ್ರಿ. ಆದ್ರ ಇದಕ್ಕ ಅಧ್ಯಯನ ಮಂಡಳಿ ಒಪ್ಪಿಗಿ ಬೇಕು. ಮಂಡಳಿ ಕೂಡಬೇಕಂದ್ರ ಖಾಯಂ ಪ್ರಾಧ್ಯಾಪಕರು ಬೇಕು. ಅವು ಹುದ್ದೆ ಖಾಲಿ ಅದಾವಲ್ರೀ."