ಥಾಯ್ ಅಡುಗೆ ಅಂದರೆ ಬರೀ ತೆಂಗಿನ ಹಾಲಲ್ಲ
ಥಾಯ್ಲೆಂಡಿನಲ್ಲಿ ಎಲ್ಲಿ ಹೋದರೂ ತೆಂಗಿನ ಹಾಲಿನ ಸಿಹಿ ಗ್ರೇವಿನೇ ಸಿಗುತ್ತದೆ ಅಂತ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಬ್ಯಾಂಕಾಕ್ ಕಡೆ ಅದು ಜಾಸ್ತಿ, ನಿಜ. ಆದರೆ ಈಶಾನ್ಯದ ಇಸಾನ್‌ಗೆ ಹೋಗಿ ನೋಡಿ, ಅಲ್ಲಿ ಅಂಟಂಟು ಅನ್ನವನ್ನು ಕೈಯಲ್ಲೇ ಉಂಡೆ ಮಾಡಿಕೊಂಡು, ಒರಳಲ್ಲಿ ಕುಟ್ಟಿದ ಹಸಿ ಪರಂಗಿಕಾಯಿಯ ಸೋಮ್ ತಮ್ ಜೊತೆ ತಿನ್ನುತ್ತಾರೆ, ಅದರಲ್ಲಿ ತೆಂಗಿನ ಸುಳಿವೇ ಇಲ್ಲ, ಹುಳಿ ಖಾರದ್ದೇ ರುಚಿ. ಉತ್ತರದ ಚಿಯಾಂಗ್ ಮಾಯ್‌ನಲ್ಲಿ ಕೆಂಗ್ ಹಂಗ್ ಲೇ ಅಂತ ಹಂದಿಮಾಂಸದ ಸಾರಿದೆ. ಬರ್ಮಾ ಕಡೆಯಿಂದ ಬಂದದ್ದು. ಶುಂಠಿ, ಹುಣಸೆಹಣ್ಣು ಹಾಕುತ್ತಾರೆ, ತೆಂಗಿನ ಹಾಲು ಹಾಕುವುದಿಲ್ಲ. ದಕ್ಷಿಣದಲ್ಲಿ ತೆಂಗು ಧಾರಾಳ, ಆದರೂ ಅರಿಸಿನದ ಹುಳಿ ಮೀನುಸಾರಿಗೆ ಅದು ಬೀಳುವುದಿಲ್ಲ. ಸಸ್ಯಾಹಾರಿಗಳೇ, ಸೋಮ್ ತಮ್‌ಗೆ ಮೀನಿನ ಸಾಸ್ ಹಾಕುತ್ತಾರೆ, ಕುಟ್ಟುವ ಮೊದಲೇ ಬೇಡ ಅನ್ನಿ.