ಕಣ್ಣು ಮುಚ್ಚಿದರೆ ಮಾಯ

ಮೂರೂವರೆ ವರ್ಷದ ಮಗುವಿನ ಜೊತೆ ಕಣ್ಣಾಮುಚ್ಚಾಲೆ ಆಡಬೇಕಾದರೆ ನಟನೆ ಚೆನ್ನಾಗಿ ಬರಬೇಕು. ನನ್ನ ಮಗಳು ಹಾಲ್‌ನ ನಟ್ಟನಡುವೆ ನಿಂತು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅಲ್ಲಿಗೆ ಅವಳು ಮಾಯ. ನಾನು ಸೋಫಾ ಕೆಳಗೆ, ಬಾಗಿಲ ಹಿಂದೆ, ಕೊನೆಗೆ ಫ್ರಿಜ್ಜಿನೊಳಗೂ ಹುಡುಕಬೇಕು. ಬೇಗ ಹಿಡಿದುಬಿಟ್ಟರೆ ಅಳು.

ಇದು ನಮ್ಮನೆ ಮಗುವಿನ ವಿಶೇಷವೇನಲ್ಲ. ಕೇಂಬ್ರಿಡ್ಜ್‌ನ ಸಂಶೋಧಕರು ಮೂರು-ನಾಲ್ಕು ವರ್ಷದ ಮಕ್ಕಳ ಕಣ್ಣು ಮುಚ್ಚಿಸಿ, ನೀನು ನನಗೆ ಕಾಣಿಸ್ತಿದ್ದೀಯಾ ಅಂತ ಕೇಳಿದ್ದರು. 2012ರಲ್ಲಿ ಅದು ಪ್ರಕಟವಾಯಿತು. ಹೆಚ್ಚಿನ ಮಕ್ಕಳು ಇಲ್ಲ ಅಂದವು. ಹಾಗಾದರೆ ನಿನ್ನ ತಲೆ, ಮೈ ಕಾಣಿಸುತ್ತಾ ಅಂದರೆ, ಹೂಂ, ಅದು ಕಾಣಿಸುತ್ತೆ! ಅಂದರೆ ಮೈ ಕಾಣುತ್ತದೆ, 'ನಾನು' ಕಾಣುವುದಿಲ್ಲ. ದೇಹ ಬೇರೆ, ಆತ್ಮ ಬೇರೆ ಅಂತ ತಿಳಿಯಲು ನಮ್ಮಜ್ಜ ಜೀವಮಾನವಿಡೀ ಪ್ರವಚನ ಕೇಳಿದರು. ಇವಳಿಗೆ ಡೈಪರ್ ಬಿಟ್ಟ ಮರುವರ್ಷವೇ ಸಿದ್ಧಿ.

ಮೊನ್ನೆ ಸ್ಕೂಟರ್ ಕೀ ಕಾಣೆಯಾಯಿತು. ನಮ್ಮೆಜಮಾನರು ಮೊಳೆಗೆ ನೇತುಹಾಕಿದ್ದೆ ಅಂತ ಆಣೆ ಮಾಡಿದರು. ಪ್ಯಾಂಟಿನ ಜೇಬು, ಬಟ್ಟೆಯ ರಾಶಿ, ದೇವರ ಮನೆ, ಎಲ್ಲ ಜಾಲಾಡಿದೆವು. ಮಗಳು ಹಾಲಿನ ಲೋಟ ಹಿಡಿದು, ಒಂದು ಮಾತೂ ಆಡದೆ ಎಲ್ಲವನ್ನೂ ನೋಡುತ್ತಿದ್ದಳು. ಇವರು ಆಫೀಸಿಗೆ ಫೋನ್ ಮಾಡಿ, ಲೇಟಾಗುತ್ತೆ ಅಂತ ಹೇಳಿ ಕೂತ ಮೇಲೆ ಅವಳೇ ಅಂದಳು, "ಅಕ್ಕಿ ಡಬ್ಬದಲ್ಲಿದೆಯಲ್ಲಾ!"

"ಮೊದಲೇ ಯಾಕೆ ಹೇಳ್ಲಿಲ್ಲ ಪುಟ್ಟಾ?"

"ನಿಂಗೆ ಗೊತ್ತಿಲ್ವಾ?"

ಕೀಯನ್ನು ಅಲ್ಲಿ ಹಾಕಿದ್ದು ಅವಳೇ. ಅವಳಿಗೆ ಗೊತ್ತಿದ್ದ ಮೇಲೆ ಊರಿಗೆಲ್ಲ ಗೊತ್ತಿರಲೇಬೇಕು. 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಅನ್ನುವ ಮನೋವಿಜ್ಞಾನಿಗಳು ಮಕ್ಕಳಿಗೆ ಮ್ಯಾಕ್ಸಿ ಅನ್ನುವ ಹುಡುಗನ ಕಥೆ ಹೇಳಿದ್ದರು. ಅವನು ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ. ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಸೇರಿಸುತ್ತಾಳೆ. ವಾಪಸ್ ಬಂದವನು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಅಮ್ಮ ಇಟ್ಟ ಜಾಗವನ್ನೇ ತೋರಿಸುತ್ತವೆ. ಪಾಪ, ಮ್ಯಾಕ್ಸಿಗೆ ಅದು ಹೇಗೆ ಗೊತ್ತಾಗಬೇಕು?

ಹಾಗಂತ ಮಕ್ಕಳನ್ನು ನಂಬಿ ಕೆಡಬೇಡಿ. ನಾನು ಚಕ್ಕುಲಿ ಡಬ್ಬವನ್ನು ಅಟ್ಟದ ಮೇಲಿಟ್ಟು, ಚಕ್ಕುಲಿ ಖಾಲಿ ಅಂತ ಹೇಳಿದ್ದೆ. ಹೇಳುವಾಗ ನನ್ನ ಕಣ್ಣು ಅರೆಗಳಿಗೆ ಮೇಲೆ ಹೋಗಿರಬೇಕು. ಅಷ್ಟೇ ಸಾಕಾಯಿತು, ಸ್ಟೂಲ್ ಎಳೆಯುವ ಸದ್ದು ಕೇಳಿತು.

ಎದುರಿಗಿರುವವರಿಗೆ ಏನು ಕಾಣುತ್ತಿದೆ ಅನ್ನುವುದು ತಾನಾಗಿಯೇ ನಮ್ಮ ತಲೆಗೆ ಬರುತ್ತದೆ ಅನ್ನುವ ಸಂಶೋಧಕರಿದ್ದಾರೆ. ಚಿತ್ರದಲ್ಲೊಂದು ಕೋಣೆ, ಗೋಡೆಗಳ ಮೇಲೆ ಚುಕ್ಕಿ, ನಡುವೆ ಒಂದು ಗೋಡೆಗೆ ಮುಖ ಮಾಡಿ ನಿಂತ ಬೊಂಬೆ. ನಿಮಗೆಷ್ಟು ಚುಕ್ಕಿ ಕಾಣುತ್ತವೆ ಅಂತ ಕೇಳಿದರೂ, ಬೊಂಬೆಗೆ ಕಾಣುವ ಲೆಕ್ಕ ಬೇರೆಯಾಗಿದ್ದರೆ ಉತ್ತರ ಕೊಂಚ ತಡವಾಗುತ್ತದೆ. ದೊಡ್ಡವರಲ್ಲಿ ಇದು 2010ರಲ್ಲಿ ಕಂಡಿತು, ಆಮೇಲೆ ಆರು ವರ್ಷದ ಮಕ್ಕಳಲ್ಲೂ. ಇದು ಇನ್ನೊಬ್ಬರ ಮನಸ್ಸನ್ನು ಓದುವುದಲ್ಲ, ಮುಖ ತಿರುಗಿದ ಕಡೆ ಸುಮ್ನೆ ನಮ್ಮ ಗಮನವೂ ಹೋಗುತ್ತದೆ, ಅಷ್ಟೇ ಅಂತ ವಾದಿಸುವವರೂ ಇದ್ದಾರೆ. ಅಟ್ಟದ ಪ್ರಕರಣ ನೋಡಿದ ಮೇಲೆ ನನ್ನ ಓಟು ಇವರಿಗೇ. ಅವಳು ಓದಿದ್ದು ನನ್ನ ಮನಸ್ಸನ್ನಲ್ಲ, ದಿಕ್ಕನ್ನು.

ಇನ್ನು ವಯಸ್ಸಾದ ಹಾಗೆ ಎಲ್ಲ ಸರಿಹೋಗುತ್ತದೆ ಅನ್ನುವವರು ನಮ್ಮನೆಯಲ್ಲಿ ಒಂದು ಬೆಳಗ್ಗೆ ಕಳೆಯಬೇಕು. ಇವರು ರೂಮಿನಿಂದ ಕೂಗುತ್ತಾರೆ, "ಏನೇ, ಅದೆಲ್ಲಿದೆ?" ನಾನು ದೋಸೆ ಹುಯ್ಯುತ್ತಾ ಹಿಂದೆ ತಿರುಗದೆ ಹೇಳುತ್ತೇನೆ, "ಅಲ್ಲೇ ಇದೆ ನೋಡ್ರಿ, ಅದರ ಪಕ್ಕ." ಸಿಗಲಿಲ್ಲ ಅಂದರೆ, "ಸ್ವಲ್ಪ ಕಣ್ಣು ಬಿಟ್ಟು ನೋಡ್ರಿ!"